ಹೆಡ್‌ಫೋನ್‌ನಲ್ಲಿ ಕೇಳಿದ ಯುದ್ಧ, ಈಪರ್‌ನಲ್ಲಿ ಕಂಡ ಹೆಸರುಗಳು

ಮೊದಲೇ ಒಪ್ಕೊಂಡುಬಿಡ್ತೀನಿ. ನಾನು ಬೆಲ್ಜಿಯಂನ ಈಪರ್ ಊರಿಗೆ ಹೋಗಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ಒಂದು ಹೆವಿ ಮೆಟಲ್ ಆಲ್ಬಂನಿಂದ.

ಸ್ವೀಡನ್ನಿನ ಫಾಲುನ್ ಊರಿನ ಸಬಟಾನ್ ಬ್ಯಾಂಡ್ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. 1999ರಲ್ಲಿ ಶುರುವಾದ ಈ ತಂಡದ ಹೆಚ್ಚಿನ ಹಾಡುಗಳು ಯುದ್ಧದ ಇತಿಹಾಸದ ಮೇಲೆಯೇ ಇವೆ. 2019ರ ಜುಲೈನಲ್ಲಿ ಅವರ 'ದಿ ಗ್ರೇಟ್ ವಾರ್' ಬಂತು. ಇಡೀ ಆಲ್ಬಂ ಮೊದಲನೇ ಮಹಾಯುದ್ಧದ ಕಥೆ. ಹನ್ನೊಂದು ಹಾಡು, ಒಟ್ಟು ನಲವತ್ತು ನಿಮಿಷವೂ ಇಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟೋದರೊಳಗೆ ಆರಾಮಾಗಿ ಒಂದು ಸುತ್ತು ಮುಗಿಯುತ್ತೆ.

ಒಂದು ಹಾಡಲ್ಲಿ ಜರ್ಮನಿಯ ವಿಮಾನ ಹಾರಿಸುವ ರೆಡ್ ಬ್ಯಾರನ್. ಇನ್ನೊಂದರಲ್ಲಿ ಫ್ರಾನ್ಸಿನ ವರ್ಡನ್. ಮತ್ತೊಂದರಲ್ಲಿ, ಈಗ ಪೋಲೆಂಡಿನಲ್ಲಿರುವ ಓಸೊವಿಯೆಟ್ಸ್ ಕೋಟೆಯಲ್ಲಿ 1915ರಲ್ಲಿ ವಿಷಾನಿಲ ಕುಡಿದೂ ಎದ್ದು ನುಗ್ಗಿದ ರಷ್ಯನ್ ಸೈನಿಕರು. ಜಿಮ್‌ನಲ್ಲಿ, ಡೆಡ್‌ಲೈನ್ ರಾತ್ರಿಗಳಲ್ಲಿ ಇದೇ ನನ್ನ ಇಂಧನ. ಮುಗೀತು ಅನ್ನಿಸಿದಾಗ ಈ ಡ್ರಮ್ಸ್ ಕೇಳಿದರೆ ಇನ್ನೊಂದೆರಡು ಗಂಟೆ ಕೆಲಸ ಎಳೆಯಬಹುದು.

ಒಮ್ಮೆ ಊರಿಗೆ ಹೋದಾಗ ಇದನ್ನು ಸ್ಪೀಕರ್‌ನಲ್ಲಿ ಹಾಕಿದ್ದೆ. ನಮ್ಮ ಚಿಕ್ಕಪ್ಪ ಸೈನ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದು ಸುಬೇದಾರ್ ಆಗಿ ನಿವೃತ್ತರಾದವರು. ಜಗಲಿಯಲ್ಲಿ ಕೂತು ಎರಡು ಹಾಡು ಪೂರ್ತಿ ಕೇಳಿದರು. ಏನು ಹೇಳ್ತಿದಾನೆ ಅಂತ ಕೇಳಿದರು, ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿದೆ ಕಣೋ. ಆದ್ರೆ ಇದರಲ್ಲಿ ಕಾಯೋದು ಎಲ್ಲಿದೆ? ನಮ್ಮ ಕೆಲಸ ಮುಕ್ಕಾಲು ಪಾಲು ಕಾಯೋದೇ ಆಗಿತ್ತು" ಅಂದರು. ಆಮೇಲೆ ಎದ್ದು ದನಕ್ಕೆ ಹುಲ್ಲು ಹಾಕೋಕೆ ಹೋದರು.

ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತು. ಯಾರದೋ ಸಾವನ್ನು ನಾನು ಎನರ್ಜಿ ಡ್ರಿಂಕ್ ಥರ ಕುಡೀತಿದೀನಾ? ಕಳೆದ ಬಾರಿ ಆಫೀಸ್ ಕೆಲಸಕ್ಕೆ ಬ್ರಸೆಲ್ಸ್‌ಗೆ ಹೋದಾಗ ಎರಡು ದಿನ ರಜೆ ಉಳಿದಿತ್ತು. ಜೊತೆಯವರೆಲ್ಲ ಪ್ಯಾರಿಸ್ ಅಂದರು. ನಾನು ಈಪರ್ ರೈಲು ಹಿಡಿದೆ.

ಮತ್ತೆ ಕಟ್ಟಿದ ಊರು

ಬ್ರಸೆಲ್ಸ್‌ನಿಂದ ಕೊರ್ಟ್ರೈಕ್‌ನಲ್ಲಿ ರೈಲು ಬದಲಿಸಿದರೆ ಈಪರ್‌ಗೆ ಸುಮಾರು ಎರಡು ಗಂಟೆ. ಫ್ರೆಂಚರು ಈಪ್ರ್ ಅಂತಾರೆ. ಆ ಕಾಲದ ಬ್ರಿಟಿಷ್ ಸಿಪಾಯಿಗಳಿಗೆ ನಾಲಿಗೆ ಹೊರಳದೆ 'ವೈಪರ್ಸ್' ಅಂದುಬಿಟ್ಟರು.

ಸ್ಟೇಷನ್ನಿನಿಂದ ನಡೆದು ಚೌಕಕ್ಕೆ ಬಂದರೆ ಎದುರಿಗೇ ಕ್ಲಾತ್ ಹಾಲ್, ಹದಿಮೂರನೇ ಶತಮಾನದ ಬಟ್ಟೆ ವ್ಯಾಪಾರದ ಭಾರೀ ಕಟ್ಟಡ. ಎಷ್ಟು ಹಳೇದು ಅಂತ ಬಾಯಿ ಬಿಟ್ಟು ನೋಡ್ತಿದ್ದೆ. ಆಮೇಲೆ ಗೊತ್ತಾಯಿತು, ನಾನು ನೋಡ್ತಿರೋದರಲ್ಲಿ ಹೆಚ್ಚಿನದು ಇಪ್ಪತ್ತನೇ ಶತಮಾನದ್ದು! ನಾಲ್ಕು ವರ್ಷದ ಶೆಲ್ ದಾಳಿಗೆ ಇಡೀ ಊರು ಪುಡಿಯಾಗಿತ್ತು. ಅವಶೇಷಗಳನ್ನು ಹಾಗೇ ಸ್ಮಾರಕವಾಗಿ ಉಳಿಸಬೇಕು ಅನ್ನೋದು ಚರ್ಚಿಲ್ ಆಸೆ. ಊರಿನ ಜನ ಒಪ್ಪಲಿಲ್ಲ, ಅವರಿಗೆ ಮನೆ ಬೇಕಿತ್ತು. ಇಟ್ಟಿಗೆ ಇಟ್ಟಿಗೆ ಜೋಡಿಸಿ ಹಳೆಯ ಥರವೇ ಕಟ್ಟಿದರು. ಕ್ಲಾತ್ ಹಾಲ್ ಮುಗಿಯುವ ಹೊತ್ತಿಗೆ 1967 ಆಗಿತ್ತು.

ಇದೇ ಕಟ್ಟಡದಲ್ಲಿ 'ಇನ್ ಫ್ಲಾಂಡರ್ಸ್ ಫೀಲ್ಡ್ಸ್' ಮ್ಯೂಸಿಯಂ ಇದೆ. ಕೆನಡಾದ ಸೈನ್ಯದ ವೈದ್ಯ ಜಾನ್ ಮೆಕ್ರೇ 1915ರ ಮೇ ತಿಂಗಳಲ್ಲಿ ಇಲ್ಲೇ ಹತ್ತಿರದಲ್ಲಿ ಬರೆದ ಕವನದ ಹೆಸರು ಅದು. ಸಬಟಾನ್ ಆಲ್ಬಂನ ಕೊನೆಯ ಹಾಡೂ ಅದೇ ಕವನ. ಅಲ್ಲಿ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಬರೀ ಸಮೂಹ ಗಾಯನ. ನಾನು ಬೆಂಗಳೂರಿನಲ್ಲಿ ಇದನ್ನು ಪ್ರತಿ ಸಲ ಸ್ಕಿಪ್ ಮಾಡ್ತಿದ್ದೆ.

ಹೆಬ್ಬಾಳದಷ್ಟು ದೂರ

ಮರುದಿನ ಬಾಡಿಗೆ ಸೈಕಲ್ ಹಿಡಿದು ಈಶಾನ್ಯಕ್ಕೆ ಹೊರಟೆ. ಎರಡೂ ಕಡೆ ಹಸಿರು ಹೊಲ, ಹಸುಗಳು. ಗಾಳಿ ಮಾತ್ರ ಚಳಿ. ಸುಮಾರು ಒಂಬತ್ತು ಕಿಲೋಮೀಟರ್ ತುಳಿದರೆ ಟೈನ್ ಕಾಟ್ ಸ್ಮಶಾನ, ಅದರಾಚೆ ಪಾಸೆಂಡೇಲ್ ಹಳ್ಳಿ. ಈ ಹಳ್ಳಿಯ ಮೇಲೂ ಸಬಟಾನ್ ಹಾಡಿದೆ: 2008ರ 'ದಿ ಆರ್ಟ್ ಆಫ್ ವಾರ್' ಆಲ್ಬಂನ 'ದಿ ಪ್ರೈಸ್ ಆಫ್ ಎ ಮೈಲ್'. ಅಂದರೆ ಒಂದು ಮೈಲಿಯ ಬೆಲೆ.

ಆ ಬೆಲೆ ಎಷ್ಟು ಗೊತ್ತಾ? 1917ರ ಜುಲೈ 31ಕ್ಕೆ ಶುರುವಾದ ಕದನ ಮುಗಿದದ್ದು ನವೆಂಬರ್ 10ಕ್ಕೆ. ನೂರಕ್ಕೂ ಹೆಚ್ಚು ದಿನದಲ್ಲಿ ಬ್ರಿಟಿಷ್ ಪಡೆಗಳು ಮುಂದೆ ಹೋದದ್ದು ಸುಮಾರು ಎಂಟು ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಹೆಬ್ಬಾಳಕ್ಕೆ ಇರೋವಷ್ಟು. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು ಐದು ಲಕ್ಷ ಅನ್ನೋದು ಸಾಮಾನ್ಯ ಅಂದಾಜು.

ಆ ವರ್ಷ ಆಗಸ್ಟ್‌ನಲ್ಲಿ ವಿಪರೀತ ಮಳೆ. ಇಲ್ಲಿಯದು ಜೇಡಿಮಣ್ಣು, ನೀರು ಇಳಿಯೋದಿಲ್ಲ. ರೈತರು ತಲೆಮಾರುಗಳಿಂದ ತೋಡಿಟ್ಟಿದ್ದ ಕಾಲುವೆಗಳನ್ನು ಶೆಲ್‌ಗಳು ಮೊದಲೇ ಹಾಳು ಮಾಡಿದ್ದವು. ಇಡೀ ಬಯಲು ಕೆಸರಿನ ಸಮುದ್ರ. ಹಲಗೆ ಹಾಸಿದ ದಾರಿಯಿಂದ ಕಾಲು ಜಾರಿದರೆ ಮನುಷ್ಯರು, ಕುದುರೆಗಳು ಅದರಲ್ಲೇ ಮುಳುಗಿ ಸಾಯುತ್ತಿದ್ದರು. ಗುಂಡೇ ತಾಗಬೇಕು ಅಂತೇನಿರಲಿಲ್ಲ. ದಾರಿಯಲ್ಲಿ ಸಿಗುವ ಝೊನ್ನೆಬೆಕೆ ಮ್ಯೂಸಿಯಂನಲ್ಲಿ ಆ ಕಾಲದ ಕಂದಕಗಳನ್ನು ಮತ್ತೆ ಕಟ್ಟಿ ತೋರಿಸಿದ್ದಾರೆ. ಇಕ್ಕಟ್ಟು, ತೇವ, ಕತ್ತಲು. ಐದು ನಿಮಿಷಕ್ಕೇ ಹೊರಗೆ ಹೋಗೋಣ ಅನ್ನಿಸಿತು. ಚಿಕ್ಕಪ್ಪ ಹೇಳಿದ 'ಕಾಯೋದು' ಅಂದರೆ ಏನು ಅಂತ ಅಲ್ಲಿ ಒಂದು ಚೂರು ಅಂದಾಜಾಯಿತು.

ಟೈನ್ ಕಾಟ್‌ನ ದನಿ

ಟೈನ್ ಕಾಟ್‌ಗೆ ಬರುವಾಗ ಹಾಡು ಹಾಕಿಕೊಂಡೇ ಬಂದಿದ್ದೆ. ಆ ಜಾಗದಲ್ಲಿ ಆ ಹಾಡು ಕೇಳಬೇಕು ಅನ್ನೋದು ನನ್ನ ಪ್ಲಾನ್. ವಿಸಿಟರ್ ಸೆಂಟರ್ ಹತ್ತಿರ ಬಂದಾಗ ಗಿಟಾರ್ ಸದ್ದಿನ ನಡುವೆ ಬೇರೇನೋ ಕೇಳಿಸಿತು. ಹೆಡ್‌ಫೋನ್ ತೆಗೆದೆ. ಒಂದು ಹುಡುಗಿಯ ರೆಕಾರ್ಡ್ ಮಾಡಿದ ದನಿ. ಕಾಣೆಯಾದವರ ಹೆಸರುಗಳನ್ನು ಒಂದೊಂದಾಗಿ ಓದ್ತಾ ಇದೆ. ಏರಿಳಿತವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಒಂದು ಹೆಸರು, ಸ್ವಲ್ಪ ಮೌನ, ಮುಂದಿನ ಹೆಸರು. ಅದು ಮುಗಿಯೋದೇ ಇಲ್ಲ.

ಜಗತ್ತಿನಲ್ಲಿರುವ ಕಾಮನ್‌ವೆಲ್ತ್ ಯುದ್ಧ ಸ್ಮಶಾನಗಳಲ್ಲೆಲ್ಲ ಇದೇ ದೊಡ್ಡದು. ಸುಮಾರು 12,000 ಸಮಾಧಿ, ಅದರಲ್ಲಿ 8,000ಕ್ಕೂ ಹೆಚ್ಚು ಯಾರದು ಅಂತಲೇ ಗೊತ್ತಿಲ್ಲದವು. ಹಿಂದಿನ ಗೋಡೆಯಲ್ಲಿ ದೇಹವೇ ಸಿಗದ ಸುಮಾರು 35,000 ಜನರ ಹೆಸರು. ಹೆಸರಿಲ್ಲದ ಕಲ್ಲುಗಳ ಬಹುಪಾಲಿನ ಮೇಲೆ ಕೆತ್ತಿರೋದು ಇಷ್ಟೇ: ಮಹಾಯುದ್ಧದ ಒಬ್ಬ ಸೈನಿಕ, ಇವನ ಗುರುತು ದೇವರಿಗೆ ಗೊತ್ತು. ಆ ಕೊನೆಯ ಸಾಲು ಆರಿಸಿದ್ದು ರಡ್ಯಾರ್ಡ್ ಕಿಪ್ಲಿಂಗ್. 1915ರಲ್ಲಿ ಲೂಸ್ ಕದನದಲ್ಲಿ ಕಾಣೆಯಾದವರಲ್ಲಿ ಅವರ ಮಗನೂ ಒಬ್ಬ.

ಇಂಗ್ಲಿಷಿನಲ್ಲಿ ಅಲ್ಲಿರೋದು 'ಗ್ರೇಟ್ ವಾರ್' ಅಂತಲೇ. ನನ್ನ ಆಲ್ಬಂ ಹೆಸರು ಸಾವಿರಾರು ಕಲ್ಲುಗಳ ಮೇಲೆ! ನಮ್ಮಲ್ಲೂ 'ಮಹಾ' ಅನ್ನೋ ಪದ ಹೀಗೇ ಅಲ್ವಾ? ಮಹಾತ್ಮನಿಗೂ ಅದೇ, ಮಹಾಮಾರಿಗೂ ಅದೇ. ದೊಡ್ಡದು ಅನ್ನೋಕೂ ಅದೇ, ಹಿರಿದು ಅನ್ನೋಕೂ ಅದೇ. ಆಲ್ಬಂನ ಶೀರ್ಷಿಕೆ ಗೀತೆ ಈ 'ಗ್ರೇಟ್' ಅನ್ನೋದನ್ನೇ ಪ್ರಶ್ನಿಸುತ್ತೆ. ನೂರಾರು ಸಲ ಕೇಳಿದ್ದೆ, ಆದರೆ ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ. ಡ್ರಮ್ಸ್ ಕೇಳಿಸಿಕೊಂಡಿದ್ದೆ ಅಷ್ಟೇ.

ಸಿಪಾಯಿ, ನಾಯಕ್, ಹವಾಲ್ದಾರ್

ಸಂಜೆ ಈಪರ್‌ಗೆ ವಾಪಸ್. ಇಲ್ಲಿನ ಮೆನಿನ್ ಗೇಟ್ 1927ರಲ್ಲಿ ಕಟ್ಟಿದ ದೊಡ್ಡ ಕಮಾನು. ಒಳಗೋಡೆಗಳ ತುಂಬ ದೇಹ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರು. ರೆಜಿಮೆಂಟ್ ಪ್ರಕಾರ ಬರೆದಿದ್ದಾರೆ. ಓದುತ್ತಾ ಹೋದವನು ಒಂದು ಕಡೆ ನಿಂತುಬಿಟ್ಟೆ. ಸಿಂಗ್, ಖಾನ್, ಗುರುಂಗ್. ಹುದ್ದೆಗಳು ಸಿಪಾಯಿ, ನಾಯಕ್, ಹವಾಲ್ದಾರ್. ನಮ್ಮ ಮನೆಯಲ್ಲಿ ದಿನಾ ಕೇಳಿದ ಪದಗಳು, ಬೆಲ್ಜಿಯಂನ ಕಲ್ಲಿನ ಮೇಲೆ.

1914ರ ಅಕ್ಟೋಬರ್‌ನಲ್ಲೇ ಭಾರತೀಯ ಪಡೆಗಳು ಇಲ್ಲಿಗೆ ಬಂದಿದ್ದವು. ಅಕ್ಟೋಬರ್ 31ರಂದು ಹತ್ತಿರದ ಹೊಲೆಬೆಕೆಯಲ್ಲಿ ಬಲೂಚಿ ರೆಜಿಮೆಂಟ್‌ನ ಸಿಪಾಯಿ ಖುದಾದಾದ್ ಖಾನ್, ತನ್ನ ಜೊತೆಯ ಮೆಷಿನ್‌ಗನ್ ತಂಡದವರೆಲ್ಲ ಸತ್ತ ಮೇಲೂ ಗಾಯಗೊಂಡೇ ಹೋರಾಡಿದರು. ಶತ್ರುಗಳು ಸತ್ತನೆಂದು ಬಿಟ್ಟು ಹೋದ ಮೇಲೆ ತೆವಳುತ್ತಾ ವಾಪಸ್ ಬಂದರು. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಅವರು. ಮುಂದಿನ ಏಪ್ರಿಲ್‌ನಲ್ಲಿ ಜರ್ಮನ್ನರು ಇಲ್ಲಿ ಕ್ಲೋರಿನ್ ಅನಿಲ ಬಿಟ್ಟರು. ನಾಲ್ಕು ದಿನದ ನಂತರ, ಸರಿಯಾದ ಮುಖವಾಡವೂ ಇಲ್ಲದ ಲಾಹೋರ್ ಡಿವಿಷನ್ ಪ್ರತಿದಾಳಿಗೆ ಹೋಯಿತು. ಅದರ ಜಮಾದಾರ್ ಮೀರ್ ದಸ್ತ್ ಎಂಟು ಅಧಿಕಾರಿಗಳನ್ನು ಹೊತ್ತು ತಂದರು. ಅವರಿಗೂ ಅದೇ ಪದಕ.

ನನ್ನ ಆಲ್ಬಂನಲ್ಲಿ ಇವರ ಹಾಡಿಲ್ಲ. ಅದಕ್ಕೆ ಸ್ವೀಡನ್ನಿನವರನ್ನು ದೂರಿ ಏನು ಪ್ರಯೋಜನ? ನಮ್ಮದೇ ಕಥೆ ತಗೊಳ್ಳಿ. ಅದೇ ಆಲ್ಬಂನಲ್ಲಿ ಲಾರೆನ್ಸ್ ಆಫ್ ಅರೇಬಿಯಾ ಮೇಲೆ ಒಂದು ಹಾಡಿದೆ. 1918ರ ಸೆಪ್ಟೆಂಬರ್‌ನಲ್ಲಿ ಅವನು ಡಮಾಸ್ಕಸ್ ಕಡೆಗೆ ಹೋಗುತ್ತಿದ್ದಾಗ, ಅದೇ ಜನರಲ್ ಅಲೆನ್‌ಬಿಯ ಕೈಕೆಳಗೆ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಏರಿ ಹೈಫಾ ಪಟ್ಟಣವನ್ನು ಗೆದ್ದಿದ್ದರು. ಆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ. ಅದರ ಪಕ್ಕದ ರಸ್ತೆಯಲ್ಲಿ ನಾನು ಇದೇ ಹಾಡು ಕೇಳುತ್ತಾ ಎಷ್ಟು ಸಲ ಕ್ಯಾಬ್‌ನಲ್ಲಿ ಹೋಗಿದ್ದೀನೋ. ಒಂದು ಸಲವೂ ಇಳಿದಿರಲಿಲ್ಲ.

ರಾತ್ರಿ ಎಂಟು

ಎಂಟು ಗಂಟೆಗೆ ಪೊಲೀಸರು ಕಮಾನಿನ ಕೆಳಗಿನ ಟ್ರಾಫಿಕ್ ನಿಲ್ಲಿಸಿದರು. ಬಗಲ್ ವಾದಕರು ಬಂದು ನಿಂತು 'ಲಾಸ್ಟ್ ಪೋಸ್ಟ್' ನುಡಿಸಿದರು. ಇದನ್ನು ನಡೆಸುವುದು ಊರಿನ ಅಗ್ನಿಶಾಮಕ ದಳದ ನಂಟಿರುವ ಸಾಮಾನ್ಯ ಜನ. 1928ರಿಂದ ಹೆಚ್ಚುಕಡಿಮೆ ಪ್ರತಿ ರಾತ್ರಿ ನಡೆದಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಾಗ ಮಾತ್ರ ನಿಂತಿತ್ತು. 1944ರ ಸೆಪ್ಟೆಂಬರ್ 6ಕ್ಕೆ ಪೋಲಿಷ್ ಪಡೆ ಊರನ್ನು ಬಿಡಿಸಿತು. ಆವತ್ತು ಸಂಜೆಯೇ ಬಗಲ್ ಮತ್ತೆ ಮೊಳಗಿತು, ಊರಿನ ಬೇರೆ ಕಡೆ ಇನ್ನೂ ಗುಂಡಿನ ಸದ್ದು ಇರುವಾಗಲೇ.

ನೂರಾರು ಜನ ಇದ್ದೆವು. ಚಪ್ಪಾಳೆ ತಟ್ಟಬೇಡಿ ಅಂತ ಮೊದಲೇ ಹೇಳಿರ್ತಾರೆ. ಬಗಲ್ ನಿಂತ ಮೇಲೆ ಒಂದು ನಿಮಿಷದ ಮೌನ ಇತ್ತು ನೋಡಿ, ಅಷ್ಟು ಉದ್ದದ ನಿಮಿಷ ನಾನು ಕಂಡಿಲ್ಲ.

ಹೋಟೆಲ್‌ಗೆ ಬಂದು ಹೆಸರುಗಳ ಫೋಟೊ ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡಿದೆ. ಭಾರತದಲ್ಲಿ ಆಗ ನಡುರಾತ್ರಿ. ಬೆಳಿಗ್ಗೆ ಅವರೇ ಫೋನ್ ಮಾಡಿದರು. ಯುದ್ಧದ ಬಗ್ಗೆ ಏನೂ ಕೇಳಲಿಲ್ಲ. "ಸಿಪಾಯಿ ಹೆಸರು, ಆಫೀಸರ್ ಹೆಸರು, ಅಕ್ಷರದ ಸೈಜು ಒಂದೇನಾ?" ಅಂತ ಕೇಳಿದರು. ಫೋಟೊ ಜೂಮ್ ಮಾಡಿ ನೋಡಿದೆ. ಹೌದು, ಒಂದೇ. "ಹಾಗಾದ್ರೆ ಸರಿ" ಅಂದರು.

ಆಲ್ಬಂ ಕೇಳೋದು ಬಿಟ್ಟೆನಾ ಅಂತ ನೀವು ಕೇಳಬಹುದು. ಇಲ್ಲ, ಬಿಟ್ಟಿಲ್ಲ. ಅದಿಲ್ಲದಿದ್ದರೆ ನಾನು ಈ ಊರಿಗೆ ಬರ್ತಾನೇ ಇರಲಿಲ್ಲ. ಆದರೆ ಕೊನೆಯ ಹಾಡನ್ನು ಈಗ ಸ್ಕಿಪ್ ಮಾಡಲ್ಲ. ವಾಪಸ್ ಬಂದ ಮೊದಲ ಭಾನುವಾರ ಚಿಕ್ಕಪ್ಪನನ್ನು ಊರಿನಿಂದ ಕರೆಸಿಕೊಂಡು ಜೆ.ಸಿ. ನಗರಕ್ಕೆ ಹೋಗಿದ್ದೆ. ಅವರು ಚಪ್ಪಲಿ ಬಿಟ್ಟು ಸ್ಮಾರಕದ ಮುಂದೆ ನೆಟ್ಟಗೆ ನಿಂತರು. ನಾನೂ ಪಕ್ಕದಲ್ಲಿ ನಿಂತೆ. ಹೊರಗೆ ಟ್ರಾಫಿಕ್ ಹಾರನ್ ನಿಲ್ಲಲೇ ಇಲ್ಲ.

ನೀವು ಈಪರ್‌ಗೆ ಹೋಗೋದಾದರೆ ಒಂದು ರಾತ್ರಿ ಉಳಿಯೋ ಹಾಗೆ ಹೋಗಿ. ಏಳೂವರೆಗೆ ಮೊದಲೇ ಮೆನಿನ್ ಗೇಟ್ ಹತ್ತಿರ ನಿಂತರೆ ಒಳ್ಳೆ ಜಾಗ ಸಿಗುತ್ತೆ. ಟೈನ್ ಕಾಟ್‌ನಲ್ಲಿ ಮಾತ್ರ ಹೆಡ್‌ಫೋನ್ ಬ್ಯಾಗಿನಲ್ಲೇ ಇರಲಿ.