ಇಪ್ಪತ್ತು ನಿಮಿಷದ ಕೆಲಸ

ಹೋದ ವರ್ಷ ದೀಪಾವಳಿ ಮುಗದು ಎರಡು ವಾರ ಆಗಿತ್ತು ನೋಡ್ರಿ, ನಮ್ಮ ಬಚ್ಚಲದಾಗಿನ ನಳ ಸೋರ್ಲಿಕ್ಕೆ ಶುರು ಆತು. ಹಗಲೊತ್ತು ಯಾರಿಗೂ ಗೊತ್ತಾಗ್ತಿದ್ದಿಲ್ಲ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಟಪ್, ಟಪ್, ಟಪ್. ನಮ್ಮ ಅತ್ತಿಗೆ ಮೊದಲ ನಿದ್ದಿ ಕಡಿಮಿ. "ಏನವಾ, ಮನ್ಯಾಗ ನೀರು ಹಿಂಗ ಸೋರಿದ್ರ ಲಕ್ಷ್ಮಿ ನಿಲ್ಲಂಗಿಲ್ಲ" ಅಂತ ಮುಂಜಾನೆ ಚಹಾ ಕುಡಿಯೋ ಮುಂದ ಒಂದು ಮಾತು ಒಗದ್ರು.

ಲಕ್ಷ್ಮಿ ಎರಡು ತಿಂಗಳ ಹಿಂದೇ ಹೊಂಟು ಹೋಗಿದ್ಲು. ನಮ್ಮ ಮನಿಯವರು ಹದಿನಾರು ವರ್ಷ ಲೆಕ್ಕ ಬರದ ಅಂಗಡಿ ಬಂದ್ ಆಗಿತ್ತು. ಮಾಲಕರು ಒಂದು ತಿಂಗಳ ಪಗಾರ ಜಾಸ್ತಿ ಕೊಟ್ಟು ಕೈ ಮುಗದಿದ್ರು, ಅವರದೂ ತಪ್ಪಿದ್ದಿಲ್ಲ. ಮನಿ ನಡೀಲಿಕತ್ತಿದ್ದು ನನ್ನ ಹೊಲಿಗಿ ಮಷೀನಿಂದ, ಗೃಹಲಕ್ಷ್ಮಿಯ 2000 ರೂಪಾಯಿಂದ, ಮತ್ತ ಬ್ಯಾಂಕಿನಾಗ ಇದ್ದ ಚೂರುಪಾರಿಂದ.

ಹುಬ್ಬಳ್ಳಿಯೊಳಗ ಇರೋರಿಗೆ ನೀರಿನ ಬೆಲಿ ನಾ ಹೇಳೋದು ಬ್ಯಾಡ. ನಮ್ಮ ಓಣಿಗೆ ನೀರು ಬರೋದು ಐದು ದಿನಕ್ಕೊಮ್ಮೆ. ಬಂದ ದಿನ ಟಾಕಿ ತುಂಬಿಸಿಕೊಂಡ್ರ ಮುಂದಿನ ಸರತಿ ತನಕ ಅದ ಗತಿ. ಒಂದು ರಾತ್ರಿ ಹತ್ತಕ್ಕ ನಳದ ಕೆಳಗ ಬಕೀಟು ಇಟ್ಟು ಮಲಗಿದೆ. ಮುಂಜಾನೆ ಆರಕ್ಕ ಎದ್ದು ನೋಡಿದ್ರ ಹತ್ರ ಹತ್ರ ಅರ್ಧ ಬಕೀಟು. ಲೀಟರ್ ಬಾಟ್ಲಿಯಿಂದ ಅಳದೆ, 7 ಲೀಟರ್ ಮ್ಯಾಲೆ ಚೂರು ಇತ್ತು. ಅಂದ್ರ ದಿನಕ್ಕ 20 ಲೀಟರ್, ಐದು ದಿನಕ್ಕ 100 ಲೀಟರ್. ನಮ್ಮದು 1000 ಲೀಟರ್ ಟಾಕಿ. ಹತ್ತು ಪಾಲಿನಾಗ ಒಂದು ಪಾಲು ಸುಮ್ನ ಮೋರಿಗೆ ಹೋಗ್ಲಿಕತ್ತಿತ್ತು.

"ಪ್ಲಂಬರ್‌ಗೆ ಯಾಕ ರೊಕ್ಕ? ನಾನ ಮಾಡ್ತೀನಿ ಬಿಡು" ಅಂದ್ರು ಇವರು. ಆವತ್ತಿನ ತನಕ ಮನ್ಯಾಗ ಬಲ್ಬ್ ಸೈತ ನಾನ ಬದಲಿ ಮಾಡ್ತಿದ್ದೆ. ಆದ್ರೂ ನಾ ಬ್ಯಾಡ ಅನ್ನಲಿಲ್ಲ. ಎರಡು ತಿಂಗಳಿಂದ ಅವರು ಪೇಪರ್ ಹಿಡಕೊಂಡು ಕಟ್ಟಿ ಮ್ಯಾಲೆ ಕೂಡೋದು ನೋಡಿದ್ದೆ. ಹೋಗೋ ಬರೋರು "ಏನ್ರಿ, ಇವತ್ತ ರಜಾ ಏನು?" ಅಂದ್ರ ಒಳಗ ಎದ್ದು ಬರ್ತಿದ್ರು. ಪ್ಲಂಬರ್ ರೊಕ್ಕ ಉಳಿಯೋದಕಿಂತ ಅವರ ಕೈಗೊಂದು ಕೆಲಸ ಸಿಗೋದು ನಂಗ ಬೇಕಾಗಿತ್ತು.

ಒಂದು ರವಿವಾರ ಮೊಬೈಲ್‌ನಾಗ ಮೂರು ವಿಡಿಯೋ ನೋಡಿದ್ರು. ಮಾಳಗಿ ಮ್ಯಾಲೆ ಹೋಗಿ ಟಾಕಿ ವಾಲ್ವ್ ಬಂದ್ ಮಾಡಿದ್ರು. ನಳ ಬಿಟ್ಟು ಪೈಪಿನಾಗಿನ ನೀರು ಖಾಲಿ ಮಾಡಿದ್ರು. ಪಾನಾ ಹಾಕಿ ನಳದ ಮ್ಯಾಲಿನ ಭಾಗ ಬಿಚ್ಚಿದ್ರು. ಒಳಗಿನ ರಬ್ಬರ್ ವಾಶರ್ ಒಣಗಿದ ಅಡಿಕಿಗತೆ ಗಟ್ಟಿ ಆಗಿತ್ತು, ನಡುವ ಒಂದು ದುಂಡ ಗೆರಿ ಕೊರದಿತ್ತು. ಹೊಸಾದು 5 ರೂಪಾಯಿ. ಹಾಕಿ, ಬಿಗಿ ಮಾಡಿ, ನಳ ಬಂದ್ ಮಾಡಿದ್ರ ಒಂದು ಹನಿ ಇಲ್ಲ! ಅತ್ತಿಯವರು ಮಗಗ ಎರಡನೇ ಸಲ ಚಹಾ ಮಾಡಿ ಕೊಟ್ರು.

ಎರಡು ದಿನ ಶಾಂತಿ. ಮೂರನೇ ರಾತ್ರಿ ಮತ್ತ ಟಪ್, ಟಪ್.

ವಾಶರ್ ಕೂಡೋ ಜಾಗಾನ ಸವದು ಗುಳಿ ಬಿದ್ದಿತ್ತಂತ, ಇದು ಆಮ್ಯಾಲೆ ಗೊತ್ತಾಗಿದ್ದು. ಹಂಗಾದಾಗ ಎಂಥಾ ಹೊಸಾ ವಾಶರ್ ಹಾಕಿದ್ರೂ ಉಪಯೋಗ ಇಲ್ಲ, ನಳಾನ ಬದಲಿ ಮಾಡಬೇಕು. ಇವರೂ ಅದನ್ನ ನಿರ್ಧಾರ ಮಾಡಿದ್ರು. 280 ರೂಪಾಯಿ ಕೊಟ್ಟು ಹೊಸಾ ನಳ, 20 ರೂಪಾಯಿ ಟೆಫ್ಲಾನ್ ಟೇಪ್ ತಂದ್ರು. ಆದ್ರ ಹಳೇ ನಳ ತಿರುಗಬೇಕಲ್ಲ? ಅದು ಮನಿ ಕಟ್ಟಿದಾಗಿಂದ ಅಲ್ಲೇ ಕೂತದ. ಪಾನಾಕ್ಕ ಒಂದು ಕಬ್ಬಿಣದ ಪೈಪ್ ಸಿಗಿಸಿ, ಮೈಯಾಗಿನ ಜೋರೆಲ್ಲಾ ಹಾಕಿ ಒತ್ತಿದ್ರು.

ಕಟಕ್ ಅಂತು.

ನಳ ಕೈಗೆ ಬಂತು. ಅದರ ಜೋಡಿ ಜಂಗು ಹಿಡದ ನಿಪ್ಪಲ್ ಅರ್ಧ ಬಂತು. ಇನ್ನರ್ಧ ಗೋಡಿ ಒಳಗ ಉಳೀತು. ಬಚ್ಚಲಾ, ಅಡಿಗಿಮನಿ ಎರಡಕ್ಕೂ ಒಂದ ವಾಲ್ವ್. ಅದನ್ನ ಬಿಟ್ರ ಗೋಡಿಯಿಂದ ಕಾರಂಜಿ, ಬಿಡಲಿಲ್ಲ ಅಂದ್ರ ಇಡೀ ಮನಿಗೆ ನೀರಿಲ್ಲ. ಇವರು ಪಾನಾನ ಸಪ್ಪಳ ಆಗದಂಗ ಕೆಳಗಿಟ್ಟು ಕಟ್ಟಿಗೆ ಹೋಗಿ ಕೂತ್ರು. ಯಾರೂ ಏನೂ ಅನ್ನಲಿಲ್ಲ. ಅತ್ತಿಯವರೂ ಅನ್ನಲಿಲ್ಲ. ಅದ ಹೆಚ್ಚು ಹತ್ತಿರಬೇಕು ಅವರಿಗೆ.

ಮೂಲಿ ಹಾರ್ಡ್‌ವೇರ್ ಅಂಗಡಿಯವರಿಂದ ನಂಬರ್ ಇಸಗೊಂಡು ನಾನ ಪ್ಲಂಬರ್‌ಗೆ ಫೋನ್ ಹಚ್ಚಿದೆ. ಬಂದಾಂವ ಇಪ್ಪತ್ತೈದರ ಆಸುಪಾಸಿನ ಹುಡುಗ. ಗೋಡಿ ನೋಡಿದ, ಮುರದ ನಿಪ್ಪಲ್ ನೋಡಿದ. ನಗಲಿಲ್ಲ. ಹೊರಗ ಹೋಗಿ, "ಸಾಹೇಬ್ರ, ಸ್ವಲ್ಪ ಬ್ಯಾಟರಿ ಹಿಡೀತೀರೇನ್ರಿ? ನಂಗೊಬ್ಬಗ ಆಗಂಗಿಲ್ಲ" ಅಂತ ಇವರನ್ನ ಒಳಗ ಕರಕೊಂಡು ಬಂದ. ಅವನಿಗೊಬ್ಬಗ ಆಗ್ತಿತ್ತು, ನಂಗ ಗೊತ್ತು.

ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಅರಿವಿ ಸುತ್ತಿ ಹಿಡಕೊಂಡು, ಗೋಡಿ ಒಳಗ ಉಳಿದ ತುಂಡಿಗೆ ಒಳಗಿಂದ ಎರಡು ಕಡೆ ಸೀಳು ಹಾಕಿದ. ಸಣ್ಣ ಉಳಿಯಿಂದ ಮೆಲ್ಲಕ ಬಡದು ಆ ತುಂಡನ್ನ ಒಳಗ ಮಡಚಿದ, ಇಕ್ಕಳ ಹಾಕಿ ಎಳದ. ಬಾಳಿ ಎಲಿ ಸುರುಳಿ ಬಿಚ್ಚಿಧಂಗ ಬಂತು. ಹೊಸಾ ಹಿತ್ತಾಳಿ ನಿಪ್ಪಲ್‌ಗೆ ಟೇಪ್ ಸುತ್ತಿಕೋತ ಇವರಿಗೆ ಹೇಳಿಕೊಟ್ಟ: "ಬಿಗಿ ಮಾಡೋ ದಿಕ್ಕಿಗೇ ಸುತ್ತಬೇಕ್ರಿ ಸಾಹೇಬ್ರ. ಉಲ್ಟಾ ಸುತ್ತಿದ್ರ ತಿರುಗಿಸೋ ಮುಂದ ಬಿಚ್ಚಿಕೊಂಡು ಬರ್ತದ. ಮತ್ತ ಹಳೇ ಪೈಪಿಗೆ ಒಮ್ಮೆಲೇ ಜೋರು ಹಾಕಬ್ಯಾಡ್ರಿ. ಎಣ್ಣಿ ಬಿಟ್ಟು, ಸ್ವಲ್ಪ ಹೊತ್ತು ಹಂಗ ಇಟ್ಟು, ಒಂಚೂರು ಆ ಕಡೆ, ಒಂಚೂರು ಈ ಕಡೆ ಅಲುಗಾಡಿಸಬೇಕು."

ಹೊಸಾ ನಳ ಕೂತು. ನಾ ಗಡಿಯಾರ ನೋಡಿದೆ, ಇಪ್ಪತ್ತು ನಿಮಿಷ.

"ಎಷ್ಟಾತೋ ತಮ್ಮಾ?"

"500 ಕೊಡ್ರಿ ಅಕ್ಕಾರ, ನಿಪ್ಪಲ್ ನಂದ ಅದ."

"ಇಪ್ಪತ್ತು ನಿಮಿಷದ ಕೆಲಸಕ್ಕ 500 ರೂಪಾಯೇನೋ!"

ಮಾತು ಬಾಯಿಂದ ಬಿದ್ದ ಮ್ಯಾಲೆ ನಂಗ ಅದನ್ನ ಎಲ್ಲೋ ಕೇಳೇನಿ ಅನಸ್ತು. ಎಲ್ಲೋ ಏನು, ಹಿಂದಿನ ದಿನಾನ ಕೇಳಿದ್ದೆ. ಬಾಜೂ ಮನಿಯವರು ಲೈನಿಂಗ್ ಬ್ಲೌಜ್ ಒಯ್ಯಲಿಕ್ಕೆ ಬಂದಿದ್ರು. 350 ಅಂದೆ. "ಎರಡು ತಾಸಿನ ಕೆಲಸಕ್ಕ 350 ಏನ್ರಿ! ಮನ್ಯಾಗ ಕೂತು ಹೊಲೀತೀರಿ, ಅಂಗಡಿ ಬಾಡಿಗಿ ಕೊಡಬೇಕೇನು ನೀವು?" ಅಂದು 250 ಮಷೀನ್ ಮ್ಯಾಲೆ ಇಟ್ಟು ಹೋಗಿದ್ರು. ನಾ ನಗನಗತಾ "ಇರಲಿ ಬಿಡ್ರಿ" ಅಂದಿದ್ದೆ. ಆಮ್ಯಾಲೆ ಉಳ್ಳಾಗಡ್ಡಿ ಹೆಚ್ಚಿಕೋತ ಅತ್ತಿದ್ದೆ, ಯಾರರ ಕೇಳಿದ್ರ ಉಳ್ಳಾಗಡ್ಡಿ ಮ್ಯಾಲೆ ಹಾಕಬಹುದು ಅಂತ.

ಆ ಹುಡುಗ ಸಿಟ್ಟಿಗೆ ಬರಲಿಲ್ಲ. "ಅಕ್ಕಾರ, ಬ್ಲೇಡು ಗೋಡಿ ಒಳಗಿನ ಆಟೆಕ್ಕ ತಾಗಿದ್ದ್ರ ಟೈಲ್ಸ್ ಒಡೀಬೇಕಾಗ್ತಿತ್ತು. ಕಲಿಯೋ ಮುಂದ ಎರಡು ಮನ್ಯಾಗ ಹಂಗ ಒಡದೇನ್ರಿ. ಆ ರೊಕ್ಕ ನನ್ನ ಪಗಾರದಾಗ ಮುರಕೊಂಡ್ರು" ಅಂದ.

ನಾ ಏನೂ ಮಾತಾಡದ 500 ಕೊಟ್ಟೆ. ಹೋಗೋ ಮುಂದ ಅವನ ಕಣ್ಣು ನನ್ನ ಮಷೀನ್ ಮ್ಯಾಲೆ ಬಿತ್ತು. ಸಾಮಾನಿನ ಚೀಲದ ಜಿಪ್ ಹೋಗ್ಯದ, ಆಗ್ತದೇನ್ರಿ ಅಂತ ಕೇಳಿದ. ರನ್ನರ್ ಬದಲಿ ಮಾಡಿ, ಬಿಚ್ಚಿದ ಕಡೆ ಎರಡು ಹೊಲಿಗಿ ಹಾಕಿ ಕೊಟ್ಟೆ. ಹತ್ತು ನಿಮಿಷ. "ಎಷ್ಟ್ರಿ?" ಅಂದ. "ಏ, ಏನ ಬ್ಯಾಡ ಹೋಗೋ" ಅಂದೆ, ರೂಢಿಯಂತೆ. "ಹಂಗ ಹೆಂಗಾಗ್ತದ್ರಿ ಅಕ್ಕಾರ" ಅಂತ 50 ರೂಪಾಯಿ ಇಟ್ಟು ಹೋದ. ಹಿಂದಿನ ದಿನ 250 ಬಿದ್ದ ಜಾಗಾದಾಗನ ಈ 50 ಬಿದ್ದಿತ್ತು.

ರಾತ್ರಿ ಇವರು ವಹಿ ತಗದು ಲೆಕ್ಕಾ ಬರದ್ರು. ವಾಶರ್ 5, ನಳ 280, ಟೇಪ್ 20, ಪ್ಲಂಬರ್ 500, ಒಟ್ಟು 805. "ಮೊದಲ ದಿನಾನ ಆ ಹುಡುಗನ್ನ ಕರದಿದ್ರ ನಳ, ಟೇಪ್ ಹಿಡದು 500ರಾಗ ಮುಗೀತಿತ್ತು. ಅಂದ್ರ 305 ರೂಪಾಯಿ ನನ್ನ ಟ್ಯೂಷನ್ ಫೀ" ಅಂದು ನಕ್ರು. ಎರಡು ತಿಂಗಳ ಮ್ಯಾಲೆ ಮೊದಲನೇ ಸಲ ನಕ್ಕಿದ್ದು. ಆವಾಗ ನಾ ಬ್ಲೌಜಿನ ಮಾತು ಹೇಳಿದೆ. ಅವರು ಸುಮ್ನ ಕೇಳಿ, ವಹಿಯ ಇನ್ನೊಂದು ಹಾಳಿ ತಿರುವಿದ್ರು. "ಹೇಳು, ಲೈನಿಂಗ್ ಅರಿವಿ ಎಷ್ಟು?"

ಲೈನಿಂಗ್ 80. ದಾರ, ಹುಕ್ಕು 15. ಕರೆಂಟು, ಮಷೀನ್ ಎಣ್ಣಿ 5. ಅಲ್ಲಿಗೆ 100. ಅಳತಿ ತಗೊಂಡು ಕತ್ತರಿಸೋದರಿಂದ ಹಿಡದು ಕೈ ಹೊಲಿಗಿ, ಇಸ್ತ್ರಿ ತನಕ ಮೂರು ತಾಸು. 250ಕ್ಕ ಕೊಟ್ರ ನನ್ನ ಕೈಗೆ 150, ತಾಸಿಗೆ 50. ಕತ್ತರಿ ತಪ್ಪಿದ್ರ ಅರಿವಿ ರೊಕ್ಕ ನಾನ ಕೊಡಬೇಕು, ಅದು ಈ ಲೆಕ್ಕದಾಗ ಇಲ್ಲ.

ಅವರು ಪೆನ್ನು ಕೆಳಗಿಟ್ರು. "ಹದಿನಾರು ವರ್ಷ ಮಂದಿ ಲೆಕ್ಕ ಪೈಸಾ ಪೈಸಾ ಬರದೆ. ನಿನ್ನ ಲೆಕ್ಕ ಒಂದು ದಿನಾನೂ ಬರೀಲಿಲ್ಲ ನೋಡು."

ಮರುದಿನ ಅವರ ಕೈಬರಹದಾಗನ ಒಂದು ದರದ ಹಾಳಿ ಮಷೀನಿನ ಮ್ಯಾಲಿನ ಗೋಡಿಗೆ ಬಂತು. ಲೈನಿಂಗ್ ಬ್ಲೌಜ್ 350. ಇಬ್ಬರು ಗಿರಾಕಿ ಬಿಟ್ರು. ಬಾಜೂ ಮನಿಯವರು ಇವತ್ತಿಗೂ ಬ್ಯಾರೆ ಕಡೆ ಹೊಲಸ್ತಾರ, ನೀರು ಬಂದ ದಿನ ಮಾತ್ರ "ಬಿಟ್ಟಾರೇನ್ರಿ?" ಅಂತ ಕೇಳ್ತಾರ. ಮೊದಲಿನ ತಿಂಗಳು ಬಂದದ್ದು ಕಡಿಮಿನ. ಮೂರನೇ ತಿಂಗಳಿಗೆ ಸರಿ ಆತು. ಇವರೂ ಈಗ ಎರಡು ಸಣ್ಣ ಅಂಗಡಿ ಲೆಕ್ಕ ಮನ್ಯಾಗ ಕೂತು ಬರೀತಾರ. ಮೊದಲಿನ ಪಗಾರದ ಅರ್ಧಾನೂ ಆಗಂಗಿಲ್ಲ, ಆದ್ರ ತಮ್ಮ ರೇಟು ಹೇಳೋ ಮುಂದ ಧ್ವನಿ ಇಳಿಸಂಗಿಲ್ಲ.

ರಿಪೇರಿ ಬಿಟ್ಟೀವಿ ಅಂದ್ಕೋಬ್ಯಾಡ್ರಿ. ಬ್ಯಾಸಿಗ್ಯಾಗ ನಡುಮನಿ ಫ್ಯಾನ್ ಎತ್ತಿನ ಗಾಡಿಗತೆ ತಿರುಗ್ಲಿಕತ್ತಿತ್ತು. ಕೆಪಾಸಿಟರ್ ಸೋತಿತ್ತು. ಮೇನ್ ಸ್ವಿಚ್ ಬಂದ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಹಳೇದರ ಮ್ಯಾಲೆ ಬರದಿದ್ದ 2.5 ಮೈಕ್ರೋಫ್ಯಾರಡ್ ಅನ್ನೋದನ್ನ ಹಾಳ್ಯಾಗ ಬರಕೊಂಡು ಹೋಗಿ ಅದನ್ನ ತಂದ್ರು. ನಾ ಸ್ಟೂಲ್ ಹಿಡದೆ. ಫ್ಯಾನ್ ಬಿರ್ರ್ ಅಂತು. ವಾಶರ್, ಕುಕ್ಕರ್ ಗ್ಯಾಸ್ಕೆಟ್, ಫ್ಯಾನ್ ಕೆಪಾಸಿಟರ್, ಕದಾದ ಚಿಲಕ ನಮ್ಮ ಪಾಲು. ಗೋಡಿ ಒಳಗಿನ ಪೈಪ್, ಗೀಜರ್, ಗ್ಯಾಸ್ ಪೈಪ್, ಮೀಟರ್ ಬೋರ್ಡ್ ಕಲಿತವರ ಪಾಲು. ನಾವ ಮಾಡಿದ ಕೆಲಸದ ಕೂಲಿ ಎಷ್ಟಾಗ್ತಿತ್ತೋ ಅಷ್ಟು ರೊಕ್ಕ ಒಂದು ಸ್ಟೀಲ್ ಡಬ್ಬಿಗೆ ಹಾಕ್ತೀವಿ. ಕಲಿತವರನ್ನ ಕರದಾಗ ಅದರಾಗಿಂದ ಕೊಡ್ತೀವಿ. ಹಂಗ ಮಾಡಿದ ಮ್ಯಾಲೆ ಚೌಕಾಶಿ ಮಾಡಬೇಕು ಅಂತ ಬಾಯಿ ತುರಸಂಗಿಲ್ಲ. ತರಕಾರಿಯವನ ಜೋಡಿ ಮಾತ್ರ ಇನ್ನೂ ಕೊತಂಬರಿ ಸಲುವಾಗಿ ಜಗಳಾಡ್ತೀನಿ, ಸುಳ್ಳು ಯಾಕ ಹೇಳಲಿ.

ನಿಮ್ಮ ಮನ್ಯಾಗ ನಳ ಸೋರ್ಲಿಕತ್ತಿದ್ರ ಒಂದು ರಾತ್ರಿ ಬಕೀಟು ಇಟ್ಟು ನೋಡ್ರಿ. ಎಷ್ಟು ಹೋಗ್ಲಿಕತ್ತದ ಅನ್ನೋದು ಅಳದ ಮ್ಯಾಲೇ ಗೊತ್ತಾಗೋದು. ನಮ್ಮ ಮನಿ ನಳ ಈಗ ಸುಮ್ನದ. ಅತ್ತಿಯವರಿಗೆ ಮಾತ್ರ ಇನ್ನೂ ನಿದ್ದಿ ಇಲ್ಲ. "ಮೊದಲ ನಳದ ಸಪ್ಪಳ ಇತ್ತು, ಈಗ ನಿಮ್ಮಿಬ್ಬರ ಲೆಕ್ಕದ ಸಪ್ಪಳ" ಅಂತಾರ.