ಗದ್ದೆ ಒಣಗಿದ ಮೇಲೆ ಆಟ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರದ ಕಾಡು-ಕಣಿವೆ ಹಾದು, ಸಾಗರ ತಾಲ್ಲೂಕಿಗೆ ಬರುವಷ್ಟರಲ್ಲಿ ಲಿಂಗನಮಕ್ಕಿಯ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ನೀರಿಗೆ, ಹಸಿರಿಗೆ ಕೊರತೆಯಿಲ್ಲದ ಈ ಮೂರು ತಾಲ್ಲೂಕುಗಳಲ್ಲಿ ಒಂದಕ್ಕೆ ಮಾತ್ರ ಬರ: ಸಮತಟ್ಟಾದ ನೆಲ. ಇದ್ದಷ್ಟೂ ಒಂದೋ ಅಡಿಕೆ ತೋಟ, ಇಲ್ಲವೇ ಭತ್ತದ ಗದ್ದೆ. ಹಾಗಾಗಿ ಇಲ್ಲಿ ಆಟದ ಋತು ಯಾವಾಗ ಎಂದು ಹೇಳುವುದು ಯಾವ ಕ್ರೀಡಾ ಸಂಸ್ಥೆಯೂ ಅಲ್ಲ, ಗದ್ದೆ!

ಭತ್ತ ಕಣಕ್ಕೆ ಬಂದು, ಅಡಿಕೆಯ ಕೊನೆಗೊಯ್ಲು, ಸುಲಿತಗಳ ಗಡಿಬಿಡಿ ಇಳಿಯುತ್ತಿದ್ದಂತೆ ಊರಿನ ಯುವಕರಿಗೆ ಕೈ ತುರಿಸತೊಡಗುತ್ತದೆ. ರಸ್ತೆ ಬದಿಯ ಗದ್ದೆಯೊಂದರ ಕೂಳೆ ಕಿತ್ತು, ನೀರು ಚಿಮುಕಿಸಿ, ಮಣ್ಣು ಬಡಿದು ಗಟ್ಟಿ ಮಾಡುತ್ತಾರೆ. ಅಡಿಕೆ ಮರದ ಕಂಬ ನೆಟ್ಟು ದೀಪ ಕಟ್ಟಿದರೆ ‘ಹೊನಲು ಬೆಳಕಿನ ಪಂದ್ಯಾವಳಿ’ ಸಿದ್ಧ. ವಾಲಿಬಾಲ್ ಅಂಕಣಕ್ಕೆ ಬೇಕಾದದ್ದು 18 ಮೀಟರ್ ಉದ್ದ, 9 ಮೀಟರ್ ಅಗಲ. ಕಬಡ್ಡಿಗೆ 13 ಮೀಟರಿಗೆ 10 ಮೀಟರ್ ಸಾಕು. ಒಂದು ಗದ್ದೆ ಮಡಿ ಇದಕ್ಕೆ ಧಾರಾಳವಾಯಿತು. ಅದೇ ಗದ್ದೆಯಲ್ಲಿ ಹಿಂದಿನ ವಾರ ಯಕ್ಷಗಾನದ ರಂಗಸ್ಥಳ ಇದ್ದಿರಲೂಬಹುದು.

ಮಂಡಕ್ಕಿ, ಚಹಾದ ಅಂಗಡಿ, ಮೈಕಿನಲ್ಲಿ ಆಟಕ್ಕಿಂತ ಜೋರಾದ ವೀಕ್ಷಕ ವಿವರಣೆ. ಪಂದ್ಯ ಮುಗಿಯುವಾಗ ಮಧ್ಯರಾತ್ರಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರಿಗೆ ಇದು ಸುಲಭದ ಮಾತಾಗಿರಲಿಲ್ಲ. ಸಂಜೆಯ ಕಡೆಯ ಲಾಂಚ್ ತಪ್ಪಿದರೆ ಸಾಗರದ ಕಡೆಯಲ್ಲೇ ಬೆಳಗು ಮಾಡಬೇಕು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲಷ್ಟೇ ಆ ಭಾಗದವರು ಫೈನಲ್ ಆಟವನ್ನು ನೆಮ್ಮದಿಯಿಂದ ಕೂತು ನೋಡುವಂತಾಯಿತು.

ಕಷ್ಟವಿರುವುದು ಮಕ್ಕಳ ವಿಷಯದಲ್ಲಿ. ಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತುತ್ತ ಹೋಗುವುದು ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್ ನಡುವೆ. ಬಯಲುಸೀಮೆಯ ಹುಡುಗನಿಗೆ ಅದು ಹದವಾದ ಕಾಲ. ಆಗುಂಬೆಯ ಹುಡುಗನಿಗೆ? ಅಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಸುರಿಯುವುದೂ ಅದೇ ತಿಂಗಳುಗಳಲ್ಲಿ. ಮೈದಾನದಲ್ಲಿ ನೀರು, ಜಗಲಿಯಲ್ಲಿ ಅಭ್ಯಾಸ. ಕಬಡ್ಡಿ ಆಡುವ ಹುಡುಗಿ ಕಾಲೂರಿದಲ್ಲಿ ಜಾರುತ್ತಾಳೆ.

ನೆಲ ಒಣಗಿ ಆಟ ಕುದುರುವ ಹೊತ್ತಿಗೆ ಜನವರಿ ದಾಟಿರುತ್ತದೆ. ಎದುರಿಗೆ ಮಾರ್ಚ್ ತಿಂಗಳ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಪುಸ್ತಕ ಹಿಡಿದು ಕೂತ ಹುಡುಗನ ಕಿವಿಗೆ ಗುಡ್ಡದಾಚೆಯ ಮೈಕು ಕೇಳುತ್ತದೆ, ಊರಿನ ತಂಡದ ಹೆಸರು ಕೂಗಿದ್ದೂ ಕೇಳುತ್ತದೆ. ‘ಒಂದೇ ಮ್ಯಾಚು’ ಎಂದು ಅವನು, ‘ಪರೀಕ್ಷೆ ಮುಗಿಯಲಿ’ ಎಂದು ಅಪ್ಪ. ಆ ಅಪ್ಪನೂ ಒಂದು ಕಾಲದಲ್ಲಿ ಅದೇ ಗದ್ದೆಯಲ್ಲಿ ನೆಟ್ಟಿನ ಮುಂದೆ ಹಾರಿದವನೇ ಆಗಿರುತ್ತಾನೆ ಎಂಬುದು ಬೇರೆ ಮಾತು. ಹೆಣ್ಣುಮಕ್ಕಳಿಗಾದರೆ ಈ ವಾದಕ್ಕೂ ಎಡೆಯಿಲ್ಲ. ರಾತ್ರಿಯ ಪಂದ್ಯಾವಳಿಗಳು ಹೆಚ್ಚಿನಂಶ ಗಂಡಸರವೇ. ಮಳೆಗಾಲದ ಶಾಲಾ ಕೂಟ ತಪ್ಪಿದರೆ ಅವರ ಆಟ ಅಲ್ಲಿಗೇ ನಿಲ್ಲುತ್ತದೆ.

ಬಹುಮಾನದ ಮೊತ್ತ ಏರಿದಂತೆ ಇನ್ನೊಂದು ಪದ್ಧತಿಯೂ ಬಂದಿದೆ. ದೂರದ ಊರಿನ ನುರಿತ ಆಟಗಾರರನ್ನು ಹಣ ಕೊಟ್ಟು ಕರೆಸುವುದು. ಆಟದ ಮಟ್ಟ ಏರುತ್ತದೆ, ನಿಜ. ಆದರೆ ಊರ ಹುಡುಗ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುತ್ತಾನೆ. 1884ರಲ್ಲಿ ಹುಟ್ಟಿದ ಐರ್ಲೆಂಡಿನ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನ ಹರ್ಲಿಂಗ್ ಎಂಬ ಕೋಲು-ಚೆಂಡಿನಾಟದಲ್ಲಿ ಇಂದಿಗೂ ಆಟಗಾರರಿಗೆ ಸಂಬಳವಿಲ್ಲ. ಸಾಮಾನ್ಯವಾಗಿ ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೇ ಆಡುತ್ತಾರೆ, ಗೆದ್ದ ಕ್ಲಬ್ಬು ಇಡೀ ಕೌಂಟಿಯ ಪ್ರತಿನಿಧಿಯಾಗಿ ಮುಂದಕ್ಕೆ ಹೋಗುತ್ತದೆ. ಅಲ್ಲೂ ಮಳೆ ಕಡಿಮೆಯೇನಲ್ಲ!

2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಟೀವಿ ನೋಡಿದ ಮಕ್ಕಳು ಮ್ಯಾಟಿನ ಮೇಲಿನ ಆಟ ಕಂಡಿದ್ದಾರೆ. ಮಣ್ಣಿನಲ್ಲಿ ಬರಿಗಾಲ ಬೆರಳೂರಿ ಕಲಿತ ಆಟ ಮ್ಯಾಟಿನ ಮೇಲೆ ಬೂಟು ಹಾಕಿದರೆ ಬೇರೆಯೇ. ಚಾವಣಿಯಿರುವ ಒಂದು ಅಂಕಣ ಹತ್ತಿರದಲ್ಲಿದ್ದರೆ ಜುಲೈನ ಜಗಲಿ ಅಭ್ಯಾಸವೂ ತಪ್ಪೀತು, ಮಾರ್ಚಿನ ಜಗಳವೂ ಕಡಿಮೆಯಾದೀತು.

ಪರೀಕ್ಷೆ ಮುಗಿಸಿದ ಮಕ್ಕಳು ಏಪ್ರಿಲಿನಲ್ಲಿ ಗದ್ದೆಗೆ ಇಳಿಯುತ್ತಾರೆ. ಸಿಗುವುದು ಕೆಲವೇ ವಾರ. ಮೇ ತಿಂಗಳ ಗುಡುಗು ಮಳೆ ಎರಡು ಬಿದ್ದರೆ ಸಾಕು, ಸುಣ್ಣದ ಗೆರೆ ಕರಗುತ್ತದೆ. ಕಂಬಗಳನ್ನು ಕಿತ್ತು ಕೊಟ್ಟಿಗೆಯ ಅಟ್ಟಕ್ಕೆ ಏರಿಸುತ್ತಾರೆ. ಗದ್ದೆಯ ಯಜಮಾನ ಟಿಲ್ಲರ್ ತರುತ್ತಾನೆ.