ಹೋರಿ ನಡೆದ ದಾರಿ

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ಅರ್ಧ ದಾರಿಗೂ ಮುಂಚೆ ಕುಡುತಿನಿ ಸಿಗುತ್ತದೆ. ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ದೂರದಿಂದಲೇ ಊರಿನ ಗುರುತು ಹೇಳುತ್ತವೆ. ನಾನು ನೋಡಲು ಬಂದದ್ದು ಬೇರೆ ಬೂದಿ. ಆಟೋದ ಹುಡುಗ ರಸ್ತೆ ಬದಿಗೆ ಗಾಡಿ ಒತ್ತಿ, "ಇದೇ ನೋಡ್ರಿ ಸರ ನೀವು ಕೇಳಿದ ಬೂದಿದಿಬ್ಬ" ಎಂದಾಗ ಕಣ್ಣಿಗೆ ಬಿದ್ದದ್ದು ಜಾಲಿ ಬೆಳೆದುಕೊಂಡ ಒಂದು ಮಾಸಲು ಗುಡ್ಡೆ. ಇದಕ್ಕಾಗಿ ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದೆನೇ ಎನ್ನಿಸಿತು, ಸುಳ್ಳೇಕೆ ಹೇಳಲಿ.

"ಯಾರ ಬೂದಿನಪ್ಪಾ ಇದು?"

"ರಾಕ್ಷಸರನ್ನ ಸುಟ್ಟಿದ್ದಂತ್ರಿ. ನಮ್ಮಜ್ಜ ಹೇಳ್ತಿದ್ದ. ಇಷ್ಟು ಬೂದಿ ಮನುಷ್ಯಾರ್ದು ಆಗಾಕ ಸಾಧ್ಯ ಐತೇನ್ರಿ?"

ಅಜ್ಜನ ತರ್ಕ ಗಟ್ಟಿಯಾಗಿಯೇ ಇದೆ. ಹಂಪಿಯ ಹತ್ತಿರ ನಿಂಬಾಪುರದಲ್ಲಿ ಇಂಥದೇ ಇನ್ನೊಂದು ದಿಬ್ಬವಿದೆ. ಅದು ವಾಲಿಯ ಚಿತೆ ಎಂದು ಅಲ್ಲಿನವರ ನಂಬಿಕೆ. 19ನೇ ಶತಮಾನದಲ್ಲಿ ಇವನ್ನು ಕಂಡ ಇಂಗ್ಲಿಷ್ ಅಧಿಕಾರಿಗಳೂ ಜ್ವಾಲಾಮುಖಿಯೋ, ಕಬ್ಬಿಣ ಕರಗಿಸಿದ ಕುಲುಮೆಯೋ ಎಂದು ತಲೆ ಕೆರೆದುಕೊಂಡವರೇ. ನಾನು ಒಂದು ತುಂಡನ್ನು ಎತ್ತಿ ಅಂಗೈ ಮೇಲಿಟ್ಟೆ. ಕಲ್ಲಿನಷ್ಟು ದಪ್ಪ, ಆದರೆ ತೂಕವೇ ಇಲ್ಲ. ಮೈತುಂಬ ಸಣ್ಣ ಸಣ್ಣ ತೂತು. ಒಂದು ಮಗ್ಗುಲು ಗಾಜು ಕರಗಿ ಹೆಪ್ಪುಗಟ್ಟಿದಂತೆ ನುಣುಪು. ಉಗುರಿನಿಂದ ಕೆರೆದರೆ ಹಿಟ್ಟಿನಂಥ ಬೂದಿ ಉದುರುತ್ತದೆ.

ಇದು ಸಗಣಿ. ಸುಮಾರು 5,000 ವರ್ಷದ ಹಿಂದಿನಿಂದ ಹಿಡಿದು ಸಾವಿರಾರು ವರ್ಷ, ಇಲ್ಲಿನ ಜನ ದೊಡ್ಡಿ ಕಟ್ಟಿ ದನ ಕೂಡಿದರು, ತಿಪ್ಪೆ ಬೆಳೆಯಿತು, ಅದಕ್ಕೆ ಬೆಂಕಿ ಇಟ್ಟರು, ಮತ್ತೆ ಕೂಡಿದರು, ಮತ್ತೆ ಸುಟ್ಟರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸಗಣಿಯದೇ ಬೂದಿ ಎಂದು ವಾದಿಸಿದ. ಆಮೇಲೆ ರಾಸಾಯನಿಕ ಪರೀಕ್ಷೆಯೂ ಅದನ್ನೇ ಹೇಳಿತು. 1957ರಲ್ಲಿ ಪುರಾತತ್ವಜ್ಞ ಫ್ರಾಂಕ್ ಆಲ್ಚಿನ್ ತೆಲಂಗಾಣದ ಉಟ್ನೂರಿನಲ್ಲಿ ಇಂಥ ದಿಬ್ಬವೊಂದನ್ನು ಅಗೆದಾಗ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಅಚ್ಚೊತ್ತಿದಂತೆ ಸಿಕ್ಕವು. ಯಾಕೆ ಸುಡುತ್ತಿದ್ದರು? ದನಗಳನ್ನು ಬೆಂಕಿ ಹಾಯಿಸುವ ಈಗಿನ ಹಬ್ಬಗಳಲ್ಲಿ ಆಲ್ಚಿನ್‌ಗೆ ಅದರ ನೆರಳು ಕಂಡಿತು. ನಮ್ಮೂರಿನಲ್ಲಿ ಸಂಕ್ರಾಂತಿ ಸಂಜೆ ಕಿಚ್ಚು ಹಾಯಿಸುವಾಗ ಹಿಂದಿನಿಂದ ಹೋ ಎಂದು ಕೂಗುತ್ತಾ ಓಡಿದವನು ನಾನೂ. ತುಂಡನ್ನು ಇದ್ದ ಜಾಗದಲ್ಲೇ ಇಟ್ಟು ಕೈ ಒರೆಸಿಕೊಂಡೆ. ಒರೆಸಿಕೊಳ್ಳಲು ಮನಸ್ಸಿರಲಿಲ್ಲ.

ಮಧ್ಯಾಹ್ನ ಸಂಗನಕಲ್ಲು ಪಕ್ಕದ ಕುಪ್ಪಗಲ್ಲು ಗುಡ್ಡ ಹತ್ತಿದೆವು. ಬೋಳು ಗ್ರಾನೈಟ್ ಬಂಡೆಗಳ ನಡುವೆ ಕಪ್ಪು ಕಲ್ಲಿನ ಒಂದು ಪಟ್ಟಿ ಗುಡ್ಡದ ಬೆನ್ನ ಮೇಲೆ ಹಾದುಹೋಗುತ್ತದೆ. ಆ ಕಪ್ಪು ಬಂಡೆಗಳ ಮೇಲೆಲ್ಲ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳು. ಜನ ಇದ್ದಾರೆ, ಕುಣಿತ ಇದೆ, ಆದರೆ ಎಲ್ಲಕ್ಕಿಂತ ಹೆಚ್ಚಿರುವುದು ದನ. ಉದ್ದ ಕೊಂಬು, ಹೆಗಲ ಮೇಲೆ ಎದ್ದ ಹಿಣಿಲು. ನಾಲ್ಕು ಗೀಟಿನಲ್ಲಿ ಹೋರಿಯ ಗತ್ತೆಲ್ಲ ಬಂದುಬಿಟ್ಟಿದೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಹುಡುಗ ಒಂದು ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿದ. ಟಣ್ ಎಂದು ದೇವಸ್ಥಾನದ ಗಂಟೆಯ ಹಾಗೆ ಕಲ್ಲು ನುಡಿಯಿತು. ನನ್ನ ಮೈ ಜುಮ್ಮೆಂದಿತು. ಅತ್ತ ಜಲ್ಲಿ ಕ್ವಾರಿಯಿಂದ ಇನ್ನೊಂದು ಬಗೆಯ ಸದ್ದು ಬರುತ್ತಿತ್ತು. ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ಬೂದಿಯೂ ಇದೆ, ಚಿತ್ರವೂ ಇದೆ, ಗೊರಸಿನ ಗುರುತೂ ಇದೆ. ಆ ದನಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಮಾತ್ರ ಇವು ಯಾವುವೂ ಉತ್ತರ ಹೇಳುವುದಿಲ್ಲ. ಅದಕ್ಕೆ ಡಿಎನ್‌ಎ ಬೇಕು. ನಮ್ಮ ಬಿಸಿಲೋ, ಎಲುಬಿನೊಳಗಿನ ಡಿಎನ್‌ಎಯನ್ನು ಬೇಗ ಚೂರುಚೂರು ಮಾಡಿ ಅಳಿಸಿಹಾಕುತ್ತದೆ. ತಂಪು ದೇಶಗಳಲ್ಲಿ, ಗುಹೆಗಳಲ್ಲಿ ಉಳಿದ ಹಾಗೆ ಬಳ್ಳಾರಿಯ ನೆಲದಲ್ಲಿ ಉಳಿಯುವುದು ಕಷ್ಟ. ಹಾಗಾಗಿ ಈ ಸೀಮೆಯ ದನದ ಚರಿತ್ರೆ ಓದಬೇಕಾದವನು ಸತ್ತ ದನವನ್ನಲ್ಲ, ಮೇಯುತ್ತಿರುವ ದನವನ್ನೇ ಕೇಳಬೇಕು. ಅಮೃತಮಹಲ್ ದನಗಳಿರುವ ಅಜ್ಜಂಪುರಕ್ಕೆ ಹೋಗುವ ಯೋಚನೆ ಹುಟ್ಟಿದ್ದು ಆ ಬಂಡೆಯ ಮೇಲೆ ಕೂತಾಗ.

ಮರುದಿನದ ಬಸ್ಸು ಚಳ್ಳಕೆರೆ, ಚಿತ್ರದುರ್ಗ, ಹೊಸದುರ್ಗ ಎಂದು ಮುಕ್ಕಾಲು ಹಗಲನ್ನು ತಿಂದಿತು. ಕಿಟಕಿ ಪಕ್ಕದಲ್ಲಿ ಕೂತು ನಾನು ಈ ಕೆಲವು ವರ್ಷಗಳಲ್ಲಿ ಓದಿದ್ದನ್ನು ಮೆಲುಕು ಹಾಕಿದೆ.

ದನದ ಜೀನೋಮು ಸುಮಾರು 270 ಕೋಟಿ ಅಕ್ಷರಗಳ ಪುಸ್ತಕ. ಅದನ್ನು ಮೊದಲು ಪೂರ್ತಿ ಓದಿ 2009ರಲ್ಲಿ ಪ್ರಕಟಿಸಿದ್ದು ಹೆರೆಫರ್ಡ್ ತಳಿಯ ಡಾಮಿನೆಟ್ ಎಂಬ ಅಮೆರಿಕದ ಹಸುವಿನದು. ಆದರೆ ಅದಕ್ಕೂ ಮುಂಚೆ, 1994ರಲ್ಲಿ, ಡಬ್ಲಿನ್‌ನ ಸಂಶೋಧಕರು ಆ ಪುಸ್ತಕದ ಒಂದು ಸಣ್ಣ ಪುಟ ಓದಿ ದೊಡ್ಡ ಗುಟ್ಟು ಹೊರಗೆಳೆದಿದ್ದರು. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಅಪ್ಪನ ಪಾಲು ಅದರಲ್ಲಿಲ್ಲ. ಅದನ್ನು ಹೋಲಿಸಿದರೆ ಹಿಣಿಲಿರುವ ನಮ್ಮ ದನ, ಹಿಣಿಲಿಲ್ಲದ ಯುರೋಪಿನ ದನ ಎರಡರ ವಂಶಗಳೂ ಲಕ್ಷಾಂತರ ವರ್ಷಗಳ ಹಿಂದೆಯೇ ಕವಲೊಡೆದಿದ್ದವು. ಮನುಷ್ಯ ದನ ಸಾಕಲು ಶುರುಮಾಡಿ ಹತ್ತು ಸಾವಿರ ವರ್ಷವಷ್ಟೇ. ಅಂದರೆ ಒಂದೇ ಕಡೆ ಪಳಗಿಸಿ ಆಮೇಲೆ ಹಂಚಿಕೊಂಡದ್ದಲ್ಲ. ಪಶ್ಚಿಮ ಏಷ್ಯಾದಲ್ಲಿ ಒಮ್ಮೆ, ಸಿಂಧೂ ಬಯಲಿನ ಸೀಮೆಯಲ್ಲಿ ಬೇರೆಯಾಗಿ ಇನ್ನೊಮ್ಮೆ, ಕಾಡು ದನವನ್ನು ಮನುಷ್ಯ ಹಟ್ಟಿಗೆ ತಂದ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಆ ಎರಡನೆಯ ಕಥೆಯ ಎಲುಬುಗಳು ಸಿಕ್ಕಿವೆ.

ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು 2019ರಲ್ಲಿ ಬಂದ ಸುದ್ದಿ. ಪಶ್ಚಿಮ ಏಷ್ಯಾದ ಸುತ್ತಮುತ್ತ ಸಿಕ್ಕ 67 ಹಳೆಯ ದನಗಳ ಎಲುಬಿನಿಂದ ಡಿಎನ್‌ಎ ತೆಗೆದರು. ಹೆಚ್ಚಿನವು ಒಳಕಿವಿಯ ಸುತ್ತಲಿನ ಗಟ್ಟಿ ಎಲುಬು, ಡಿಎನ್‌ಎ ಚೆನ್ನಾಗಿ ಉಳಿಯುವುದು ಅಲ್ಲೇ. ನಾಲ್ಕು ಸಾವಿರ ವರ್ಷದ ಹಿಂದಿನವರೆಗೆ ಅಲ್ಲಿ ನಮ್ಮ ಹಿಣಿಲು ದನದ ಸುಳಿವೇ ಇಲ್ಲ. ಆಮೇಲೆ ದಿಢೀರನೆ ಎಲ್ಲೆಲ್ಲೂ ಅದರ ರಕ್ತ. ಆದರೆ ತಾಯಿಯ ಪುಟ ತೆರೆದರೆ ಹಳೆಯ ಸ್ಥಳೀಯ ಹಸುಗಳೇ ಹೆಚ್ಚಾಗಿ ಉಳಿದಿವೆ. ಅರ್ಥ ಇಷ್ಟೇ: ಪೂರ್ವದಿಂದ ಹೋದವು ಮುಖ್ಯವಾಗಿ ಹೋರಿಗಳು. ಅದೇ ಕಾಲಕ್ಕೆ ಆ ಸೀಮೆಯನ್ನೆಲ್ಲ ಭೀಕರ ಬರ ಹಿಂಡಿತ್ತು. ಬಿಸಿಲು ತಡೆಯುವ, ಒಣಹುಲ್ಲು ತಿಂದು ಬದುಕುವ ಹೋರಿ ಬೇಕು ಎಂದು ಯಾರೋ ಕೊಟ್ಟರು, ಯಾರೋ ಕೊಂಡರು. ಯೂಫ್ರೆಟಿಸ್ ದಡದ ದೊಡ್ಡಿಯಲ್ಲಿ ಒಂದು ಕರು ಹೆಗಲ ಮೇಲೆ ಸಣ್ಣ ಹಿಣಿಲು ಹೊತ್ತು ಹುಟ್ಟಿದ ಬೆಳಗನ್ನು ಊಹಿಸಿಕೊಳ್ಳಿ. ಮನೆಯವರು ಏನೆಂದಿರಬಹುದು?

ಕಥೆ ಮತ್ತೆ ನಡೆಯಿತು, ಈ ಸಲ ಹಡಗಿನಲ್ಲಿ. 19ನೇ ಶತಮಾನದಿಂದ ಆಂಧ್ರದ ಒಂಗೋಲ್ ದನಗಳು ಬ್ರೆಜಿಲ್‌ಗೆ ಹೋಗಿ, ನೆಲ್ಲೂರಿನ ಹೆಸರು ಹೊತ್ತು 'ನೆಲೋರ್' ಆದವು. ಹೋದವು ಕೆಲವು ಸಾವಿರ ಮಾತ್ರ. ಇಂದು ಆ ದೇಶದ ದನದ ಹಿಂಡಿನ ಬಹುಪಾಲು ಹಿಣಿಲಿನದೇ. ಆದರೆ ಅನೇಕ ನೆಲೋರ್‌ಗಳ ತಾಯಿಯ ಪುಟ ಓದಿದರೆ ಅದು ಯುರೋಪಿನ ಹಸು! ಕ್ರೋಮೋಸೋಮನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಸಾಕು: ನಮ್ಮ ಹೋರಿಯ ವೈ ಕ್ರೋಮೋಸೋಮಿನ ಆಕಾರವೇ ಸೀಮೆಹೋರಿಯದಕ್ಕಿಂತ ಬೇರೆ. ಅಪ್ಪ ಯಾವ ಖಂಡದವನೆಂದು ಕಣ್ಣಿಗೇ ಕಾಣುತ್ತದೆ.

ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಈಗ ವಿಜ್ಞಾನ ಸಂಸ್ಥೆಗಳ ಕಾಂಪೌಂಡು ಗೋಡೆ. ವಿಜ್ಞಾನದ ಬಗ್ಗೆ ಬೆರಗಿನಿಂದ ಬರೆಯಲು ಹೊರಟವನಿಗೆ ಆ ಗೋಡೆ ಸ್ವಲ್ಪ ಮುಜುಗರ ತಂದಿತು. ಬಸ್ಸು ಮುಂದೆ ಹೋಯಿತು.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು 1929ರಿಂದ. ತಳಿಯ ಕಥೆ ಇನ್ನೂ ಹಳೆಯದು. ವಿಜಯನಗರದ ಕಾಲದಲ್ಲಿ ಹಳ್ಳಿಕಾರ್ ಹಸುಗಳು ಶ್ರೀರಂಗಪಟ್ಟಣಕ್ಕೆ ಬಂದವು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಆ ಹಿಂಡಿನ ವ್ಯವಸ್ಥೆ 'ಬೆಣ್ಣೆ ಚಾವಡಿ' ಆಯಿತು. ಟಿಪ್ಪು 'ಅಮೃತಮಹಲ್' ಎಂದು ಹೆಸರು ಬದಲಿಸಿದ. ಹೆಸರಿನಲ್ಲಿ ಬೆಣ್ಣೆ, ಅಮೃತ ಇದ್ದರೂ ಇವುಗಳ ಕೀರ್ತಿ ಹಾಲಿನಿಂದ ಬಂದದ್ದಲ್ಲ. ಫಿರಂಗಿ ಎಳೆದು, ಸೈನ್ಯಕ್ಕಿಂತ ಮುಂದೆ ನಡೆದು ಬಂದದ್ದು.

ಕಾವಲಿನ ಅಂಚಿನಲ್ಲಿ ದನ ಕಾಯುವ ಯಜಮಾನರೊಬ್ಬರು ಸಿಕ್ಕರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಜೇಬಿನಲ್ಲಿ ಮೊಬೈಲು. ಹಿಂಡು ನೂರು ಮಾರು ದೂರದಲ್ಲಿ ಹರಡಿಕೊಂಡಿತ್ತು. ನಾನು ಎರಡು ಹೆಜ್ಜೆ ಇಟ್ಟಿದ್ದೆ, ಅಷ್ಟೇ.

"ಅಲ್ಲೇ ನಿಂತ್ಕೊಳಿ ಮೇಷ್ಟ್ರೇ. ಪ್ಯಾಂಟಿನೋರ್ ಕಂಡ್ರೆ ಅವಕ್ಕೆ ಆಗಲ್ಲ."

ಒಂದೊಂದೇ ತಲೆ ಮೇಲೆದ್ದವು. ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು ಚೂಪಾದ ಕಪ್ಪು ತುದಿಯಲ್ಲಿ ಮುಗಿಯುವ ಕೊಂಬುಗಳು. ಬೂದು ಮೈ. ಗಂಗೆದೊಗಲು ಅಲುಗಲಿಲ್ಲ. ಒಂದು ಹೋರಿ ಅಡ್ಡ ತಿರುಗಿ ನಿಂತಿತು. ಬೆನ್ನಿನ ಗೆರೆ, ಹಿಣಿಲಿನ ಏರು, ಕೊಂಬಿನ ಬಾಗು. ನಿನ್ನೆ ಕಪ್ಪು ಬಂಡೆಯ ಮೇಲೆ ನೋಡಿದ ಅದೇ ನಾಲ್ಕು ಗೀಟು. ವ್ಯತ್ಯಾಸವೆಂದರೆ ಇದರ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇತ್ತು.

ಯಜಮಾನರು ಉಸಿರಿನಲ್ಲೇ ಏನೋ ಕರೆದರು. ಹೋರಿ ತಲೆ ತಗ್ಗಿಸಿ ಮೇಯತೊಡಗಿತು.

"ಹರಾಜಿನಲ್ಲಿ ಹೋರಿಗರು ಆರಿಸೋದು ಹೇಗೆ?" ಎಂದು ಕೇಳಿದೆ.

"ಸುಳಿ ನೋಡ್ತಾರೆ. ಹಲ್ಲು, ಕಾಲು, ನಡಿಗೆ ನೋಡ್ತಾರೆ. ಆಮೇಲೆ ಅದರವ್ವ ಯಾವುದು ಅಂತ ನನ್ನ ಕೇಳ್ತಾರೆ."

ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆ 2021ರಲ್ಲಿ ನಮ್ಮ ದೇಸಿ ದನಗಳಿಗೆಂದೇ 'ಇಂಡಿಗೌ' ಎಂಬ ಡಿಎನ್‌ಎ ಚಿಪ್ ತಂದಿದೆ. ಜೀನೋಮಿನ 11,496 ಜಾಗಗಳಲ್ಲಿ ಯಾವ ಅಕ್ಷರವಿದೆ ಎಂದು ಒಂದೇ ಏಟಿಗೆ ಓದುತ್ತದೆ. ಇದನ್ನು ಸುಳಿ ನೋಡುವುದಕ್ಕೆ ಹೋಲಿಸಿ ಹೇಳಿದೆ. ಯಜಮಾನರು ಕೊನೆಯವರೆಗೆ ಕೇಳಿ, "ಅದರಲ್ಲಿ ಸಿಟ್ಟು ಗೊತ್ತಾಗತ್ತಾ?" ಎಂದರು. ಉತ್ತರ ನನ್ನ ಬಳಿ ಇರಲಿಲ್ಲ.

ಗೊತ್ತಾಗುವುದೊಂದಿದೆ, ಅದೇ ಇಂಥ ಸಣ್ಣ ಹಿಂಡುಗಳಿಗೆ ಮುಖ್ಯ. ಅಪ್ಪ ಅಮ್ಮ ಹತ್ತಿರದ ನೆಂಟರಾದರೆ ಕರುವಿನ ಜೀನೋಮಿನಲ್ಲಿ ಎರಡೂ ಪ್ರತಿ ಒಂದೇ ಥರ ಇರುವ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಪಟ್ಟಿ ಉದ್ದವಾದಷ್ಟೂ ನೆಂಟಸ್ತಿಕೆ ಹತ್ತಿರದ್ದು. ಹೋರಿಗಳು ಕಡಿಮೆಯಾದ ಹಿಂಡಿನಲ್ಲಿ ಅಂಥ ಪಟ್ಟಿಗಳು ಬೆಳೆಯುತ್ತಾ ಹೋಗುತ್ತವೆ. ಅವನ್ನು ಅಳೆದು, ಯಾವ ಹೋರಿಯನ್ನು ಯಾವ ಹಿಂಡಿಗೆ ಬಿಡಬಾರದು ಎಂದು ಹೇಳಬಹುದು.

ಹೋರಿ ಕಡಿಮೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ಅತಿ ದೊಡ್ಡ ಸಾಕ್ಷಿ ಅತಿ ದೊಡ್ಡ ಹಿಂಡಿನಲ್ಲೇ ಇದೆ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಪಾನಿ ಫಾರ್ಮ್ ಅರ್ಲಿಂಡಾ ಚೀಫ್' ಎಂಬ ಹೋಲ್‌ಸ್ಟೀನ್ ಹೋರಿಗೆ 16,000 ಹೆಣ್ಣುಮಕ್ಕಳು, ಐದು ಲಕ್ಷ ಮೊಮ್ಮಗಳಂದಿರು. ಎಲ್ಲ ವೀರ್ಯ ನಳಿಕೆಯ ಮಹಿಮೆ. ಹಾಲು ಹೊಳೆಯಾಯಿತು. ಜೊತೆಗೆ ಅವನ ಜೀನೋಮಿನ ಒಂದು ತಪ್ಪಕ್ಷರವೂ ಹರಡಿತು. ಒಂದು ಪ್ರತಿ ಇದ್ದರೆ ಏನೂ ಇಲ್ಲ. ಎರಡೂ ಕಡೆಯಿಂದ ಬಂದರೆ ಹಸು ಕಂದು ಹಾಕುತ್ತದೆ. ಹಾಗೆ ಹೋದ ಕರುಗಳು ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಎಂದು ಲೆಕ್ಕ. ಹಾಲಿನ ಲಾಭ ಈ ನಷ್ಟಕ್ಕಿಂತ ಎಷ್ಟೋ ಪಾಲು ಹೆಚ್ಚು ಎನ್ನುವುದೂ ನಿಜವೇ. ಈ ತಪ್ಪು ಸಿಕ್ಕ ಬಗೆ ಕೇಳಿ: ಸಾವಿರಾರು ದನಗಳ ಜೀನೋಮನ್ನು ಇಂಥ ಚಿಪ್‌ನಲ್ಲಿ ಓದಿದವರಿಗೆ, ಆ ತುಣುಕಿನ ಎರಡು ಪ್ರತಿ ಹೊತ್ತ ಒಂದೇ ಒಂದು ಜೀವಂತ ದನವೂ ಕಾಣಲಿಲ್ಲ. ಇರಬೇಕಾದವು ಇರಲಿಲ್ಲ. ಹುಟ್ಟದೇ ಹೋದವನ್ನು ಎಣಿಸಿ ತಪ್ಪು ಹಿಡಿದರು.

ನಮ್ಮ ಮನೆಯಲ್ಲೂ ಎಚ್ಚೆಫ್, ಅಂದರೆ ಹೋಲ್‌ಸ್ಟೀನ್, ಹಸುವೊಂದು ಕಂದು ಹಾಕಿತ್ತು. ಕಾರಣ ನೂರಿರಬಹುದು. ಅವ್ವ ದೃಷ್ಟಿ ಎಂದಳು, ಡೇರಿಗೆ ಹಾಲು ಹಾಕಲು ಬರುತ್ತಿದ್ದ ಪಕ್ಕದ ಮನೆಯವಳ ಜೊತೆ ಆರು ತಿಂಗಳು ಮಾತು ಬಿಟ್ಟಳು. ಇದೆಲ್ಲ ಹೇಳಿದಾಗ ಯಜಮಾನರು ನಕ್ಕರು.

ದೇಸಿ ಎಂದ ಕೂಡಲೇ ಬಾಟಲಿಯ ಮೇಲೆ 'ಎ2' ಎಂದು ಬರೆದು ಎರಡು ಪಟ್ಟು ಬೆಲೆಗೆ ಮಾರುವವರ ಉತ್ಸಾಹ ನನಗಿಲ್ಲ. ನಮ್ಮ ದನಗಳ ಹಾಲಿನಲ್ಲಿ ಎ2 ಬಗೆಯ ಪ್ರೋಟೀನು ಹೆಚ್ಚು, ಸರಿ. ಅದರಿಂದ ರೋಗ ಓಡುತ್ತದೆ ಎನ್ನುವುದು ಸಾಬೀತಾದ ಮಾತಲ್ಲ. ಅಮೃತಮಹಲ್ ಹಸುವಿನ ಕೆಚ್ಚಲು ನೋಡಿದರೆ ಬಾಟಲಿಯ ಆಸೆ ತಾನೇ ಬಿಡುತ್ತದೆ. ಕರುವಿಗೆ ಸಾಕಾಗುವಷ್ಟು ಇದ್ದರೆ ಹೆಚ್ಚು. ಆದರೂ ನನ್ನ ಕಣ್ಣ ಮುಂದೆ ಮೇಯುತ್ತಿದ್ದದ್ದು ಬಳ್ಳಾರಿಯ ಬಿಸಿಲು ಅಳಿಸಿಹಾಕಿದ ಪುಸ್ತಕದ ಉಳಿದ ಪ್ರತಿ. ಉಸಿರಾಡುವ, ಪ್ಯಾಂಟಿನವರನ್ನು ಕಂಡರೆ ಹಾಯಲು ಬರುವ ಪ್ರತಿ.

ಕತ್ತಲಾಗುವ ಹೊತ್ತಿಗೆ ಹಿಂಡು ದೊಡ್ಡಿಗೆ ಸೇರಿತು. ನೊಣ, ಸೊಳ್ಳೆಗೆಂದು ಯಜಮಾನರು ಗಾಳಿ ಬರುವ ಮಗ್ಗುಲಲ್ಲಿ ಒಣ ಬೆರಣಿ ಒಟ್ಟಿ ಹೊಗೆ ಹಾಕಿದರು. ಹೊಗೆ ನೆಲದ ಮೇಲೇ ಹರಿದು ದನಗಳ ಹೊಟ್ಟೆಯ ಕೆಳಗೆ ನುಸುಳಿತು. ರಾತ್ರಿ ಅವರ ಮನೆಯ ಜಗುಲಿಯಲ್ಲೇ ಮಲಗಿದೆ.

ಬೆಳಗ್ಗೆ ಎದ್ದು ಹೋದಾಗ ಹಿಂಡು ಆಗಲೇ ಕಾವಲಿಗೆ ಹೊರಟಿತ್ತು. ಬೆರಣಿ ಪೂರ್ತಿ ಉರಿದು ಒಂದು ಮೊರದಷ್ಟು ಬಿಳಿ ಬೂದಿ ಉಳಿದಿತ್ತು, ಇಬ್ಬನಿಗೆ ಸ್ವಲ್ಪ ಒದ್ದೆಯಾಗಿ. ಅದರ ನಟ್ಟ ನಡುವೆ, ಯಾವುದೋ ಕರು ತುಳಿದುಹೋದ, ಎರಡು ಸೀಳಿನ ಸಣ್ಣ ಗೊರಸಿನ ಗುರುತು.